ಸುಳ್ಳದಾಗ ಒಂದು ಖರೇ ಲೆಕ್ಕ: ಮನೆಯಲ್ಲೇ ಹಣ್ಣಿನ ‘ಬಿಯರ್’

‘ಬಿಯರ್’ ಅಂದ ಕೂಡಲೇ ನಮ್ಮ ಕ್ಲಾಸಿನಲ್ಲಿ ಒಂದು ಕಿಸಕ್ ನಗೆ ಹಾದುಹೋಗ್ತದೆ. ಆದರೆ ನಮ್ಮ ಸಿಲಬಸ್ಸನ್ನು ಸ್ವಲ್ಪ ಕೆದಕಿ ನೋಡಿ, ಅರ್ಧ ಬಿಯರಿನ ವಾಸನೆಯೇ ಬರ್ತದೆ. ಶಾಖ ಮತ್ತು ಕೆಲಸದ ಸಂಬಂಧ ಅಳೆದ ಜೇಮ್ಸ್ ಜೌಲ್ ಇಂಗ್ಲೆಂಡಿನ ಸಾಲ್ಫರ್ಡಿನ ಬಿಯರ್ ತಯಾರಕರ ಮನೆಯ ಮಗ. ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾವು ದಿನಾ ಬಳಸುವ ಪಿಎಚ್ ಅಳತೆಯನ್ನು 1909ರಲ್ಲಿ ಕೊಟ್ಟ ಸೋರೆನ್ಸೆನ್ ಕೆಲಸ ಮಾಡ್ತಿದ್ದದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ನಾಲ್ಕನೇ ಸೆಮಿಸ್ಟರಿನಲ್ಲಿ ತಲೆ ತಿನ್ನುವ ‘ಸ್ಟೂಡೆಂಟ್ಸ್ ಟಿ-ಟೆಸ್ಟ್’ ಇದೆಯಲ್ಲ, ಅದು ಡಬ್ಲಿನ್ನಿನ ಗಿನ್ನೆಸ್ ಕಂಪನಿಯಲ್ಲಿದ್ದ ಗೋಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಬರೆದದ್ದು. ಪಾಶ್ಚರ್ 1876ರಲ್ಲಿ ಬಿಯರಿನ ಮೇಲೇ ಒಂದು ದೊಡ್ಡ ಪುಸ್ತಕ ಬರೆದ. ಅಂದರೆ ನಾವು ಈ ವಿಷಯ ಎತ್ತಿಕೊಂಡದ್ದಕ್ಕೆ ಯಾರೂ ಹುಬ್ಬೇರಿಸಬೇಕಾಗಿಲ್ಲ.

ನಮ್ಮ ರಾಜ್ಯದ ಕಥೆಯೂ ಇದರಲ್ಲಿದೆ. ಕಿರಣ್ ಮಜುಂದಾರ್ ಶಾ ಅವರ ತಂದೆ ಬೆಂಗಳೂರಿನ ಯುನೈಟೆಡ್ ಬ್ರೂವರೀಸಿನಲ್ಲಿ ಮುಖ್ಯ ಬ್ರೂಮಾಸ್ಟರ್. ಮಗಳೂ ಆಸ್ಟ್ರೇಲಿಯಾದ ಬ್ಯಾಲರಾಟಿಗೆ ಹೋಗಿ 1975ರಲ್ಲಿ ಬ್ರೂಮಾಸ್ಟರ್ ಆಗಿ ಬಂದರು. ಹೆಣ್ಣುಮಗಳಿಗೆ ಆ ಕೆಲಸ ಕೊಡಲು ಇಲ್ಲಿ ಯಾರೂ ತಯಾರಿರಲಿಲ್ಲ. 1978ರಲ್ಲಿ ಬೆಂಗಳೂರಿನ ಒಂದು ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಬಯೋಕಾನ್ ಶುರುವಾಯಿತು. ಅಲ್ಲಿ ಮೊದಲು ತಯಾರಾದದ್ದು ಪಪಾಯಿ ಹಣ್ಣಿನ ಪಪೈನ್ ಎಂಬ ಕಿಣ್ವ ಮತ್ತು ಮೀನಿನ ಗಾಳಿಚೀಲದಿಂದ ತೆಗೆಯುವ ಐಸಿಂಗ್ಲಾಸ್. ಎರಡಕ್ಕೂ ಬಿಯರ್ ತಿಳಿಗೊಳಿಸುವ ಉದ್ಯಮದಲ್ಲಿ ಬೇಡಿಕೆ ಇತ್ತು. ಈಗ ಔಷಧ ಕಂಪನಿ ಅಂತ ನಮಗೆ ಗೊತ್ತಿರುವುದು ಬಿಯರಿನ ಕೊಡದಿಂದಲೇ ಹೊರಟದ್ದು.

ಅದೇ 1978ರಲ್ಲಿ ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಕಾನೂನಿನ ಒಪ್ಪಿಗೆ ಸಿಕ್ಕಿತು. ಬ್ರಿಟನ್ನಿನಲ್ಲಿ 1963ರಲ್ಲೇ ಲೈಸೆನ್ಸ್ ತೆಗೆದಿದ್ದರು. ಇಂಟರ್‌ನೆಟ್ಟಿನಲ್ಲಿ ಸಿಗುವ ‘ಮನೆಯಲ್ಲೇ ಮಾವಿನ ಬಿಯರ್’, ‘ಚೆರ್ರಿ ಬಿಯರ್’ ವಿಡಿಯೋಗಳೆಲ್ಲ ಹೆಚ್ಚಾಗಿ ಅಂಥ ದೇಶಗಳವು. ನಮ್ಮಲ್ಲಿ ಹಾಗಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ‘ಎರಡು ಬಾಟಲಿ ಅಷ್ಟೇ’, ‘ಮಾರಾಟಕ್ಕಲ್ಲ’ ಅನ್ನೋ ನೆಪ ನಡೆಯುವುದಿಲ್ಲ. ಆದ್ದರಿಂದ ನಾವು ಮೂವರು ಗೆಳೆಯರು ಮಾಡಿದ್ದು ಬಿಯರ್ ಅಲ್ಲ. ಬಿಯರಿನ ತಮ್ಮ ಅನ್ನಬಹುದಾದ ಜಿಂಜರ್ ಬಿಯರ್: ಹೆಸರಿನಲ್ಲಿ ಮಾತ್ರ ಬಿಯರ್, ಅಸಲಿಗೆ ಹುದುಗಿಸಿದ ಸೋಡಾ. ಅದಕ್ಕೆ ಡಿಸೆಂಬರಿನಲ್ಲಿ ಪೇರಲ ಹಣ್ಣು ಹಾಕಿದೆವು, ಏಪ್ರಿಲಿನಲ್ಲಿ ಆಪೂಸ್ ಮಾವು. ಜಾಗ ಹುಬ್ಬಳ್ಳಿ ತಾಲ್ಲೂಕಿನ ಸುಳ್ಳ, ನಮ್ಮಲ್ಲೊಬ್ಬನ ಊರು. ಕೇಶ್ವಾಪುರ ದಾಟಿ ಸುಳ್ಳ ರಸ್ತೆ ಹಿಡಿದರೆ ಎರಡೂ ಕಡೆ ಕರಿ ಮಣ್ಣು, ಹತ್ತಿ, ಮೆಣಸಿನಕಾಯಿ, ಜೋಳ. ಊರ ಹೆಸರಿನ ಮೇಲೆ ನೀವು ಮಾಡಬೇಕೆಂದಿರುವ ಜೋಕನ್ನು ಅವನು ಒಂದನೇ ಸೆಮಿಸ್ಟರಿನಿಂದ ಕೇಳಿದ್ದಾನೆ, ಬಿಟ್ಟುಬಿಡಿ.

ಅವ್ವಾರ ಪ್ರಶ್ನೆ

ಪ್ರಯೋಗಕ್ಕೆ ಮೊದಲ ಅಡ್ಡಿ ಅಡುಗೆಮನೆಯ ಬಾಗಿಲಲ್ಲೇ ನಿಂತಿತ್ತು.

“ಇದೇನಪಾ, ನಮ್ಮ ಮನ್ಯಾಗ ಶೆರೆ ಕಾಸಾಕ ಬಂದೀರೇನು?”

“ಶೆರೆ ಅಲ್ರಿ ಅವ್ವಾರ, ಸೋಡಾ ರೀ. ಅಲ್ಲ ಹಾಕಿದ ಸೋಡಾ.”

“ಸೋಡಾ ಅಂದ್ರ ಯಾಕ ಹುಳಿ ಹಿಡಸಬೇಕು? ಹುಳಿ ಹಿಡಸಿದ್ರ ಮತ್ತ ಅದ ಆತಲ್ಲ!”

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರಲ್ಲಿ ರಾಜ್ಯ ಸಾರಾಯಿಯನ್ನೇ ನಿಷೇಧಿಸಿತು, ಅದರ ಹಿಂದೆ ಹಳ್ಳಿಯ ಹೆಣ್ಣುಮಕ್ಕಳ ಕಣ್ಣೀರಿತ್ತು. ಆ ತಲೆಮಾರಿಗೆ ಮನೆಯಲ್ಲಿ ಹುದುಗುವ ಡಬ್ಬಿ ಅಂದರೆ ಭಯ. ಆ ಭಯಕ್ಕೆ ಉತ್ತರ ಎರಡು ಭಾಗದಲ್ಲಿ ಕೊಡಬೇಕಾಗ್ತದೆ. ಒಂದು: ಅಂಥ ದುರಂತಗಳಲ್ಲಿ ಕೊಂದದ್ದು ಮಿಥೈಲ್ ಆಲ್ಕೊಹಾಲ್, ಕಾರ್ಖಾನೆಯ ವಿಷ, ಸಾರಾಯಿಗೆ ಬೆರೆಸಿದ್ದು. ಹಣ್ಣು, ಸಕ್ಕರೆ ಹುದುಗಿದಾಗ ಅದು ಆ ಪ್ರಮಾಣದಲ್ಲಿ ಹುಟ್ಟುವುದಿಲ್ಲ, ಮತ್ತು ನಾವು ಭಟ್ಟಿ ಇಳಿಸುವುದೂ ಇಲ್ಲ. ಎರಡು: ಹುದುಗು ಬಂದಲ್ಲೆಲ್ಲ ಚೂರು ಆಲ್ಕೊಹಾಲ್ ಬಂದೇ ಬರ್ತದೆ. ಅವ್ವಾರು ರಾತ್ರಿ ನೆನೆಸಿ ಬೆಳಿಗ್ಗೆ ಕಾಸುವ ಜೋಳದ ಅಂಬಲಿಗೂ ಅದೇ ಜಾತಿಯ ಸೂಕ್ಷ್ಮಜೀವಿಗಳೇ ಹುಳಿ ಕೊಡೋದು. ಹಾಗಾದರೆ ಪ್ರಶ್ನೆ ‘ಇದೆಯೋ ಇಲ್ಲವೋ’ ಅಲ್ಲ, ‘ಎಷ್ಟು?’ ದೇಶದ ಆಹಾರ ಸುರಕ್ಷತಾ ನಿಯಮ ಗೆರೆ ಎಳೆದಿರುವುದು ಗಾತ್ರದಲ್ಲಿ 0.5 ಶೇಕಡಾಕ್ಕೆ. ಅದಕ್ಕಿಂತ ಹೆಚ್ಚಿದ್ದರೆ ಮದ್ಯ.

ನಮ್ಮ ಇಡೀ ಪ್ರಯೋಗ ಆ ಗೆರೆಯ ಕೆಳಗೆ ನಿಲ್ಲಬೇಕು, ಮತ್ತು ಅದು ನಮ್ಮ ಎಚ್ಚರದ ಮೇಲಲ್ಲ, ಲೆಕ್ಕದ ಮೇಲೆ ನಿಲ್ಲಬೇಕು. ಈ ಲೇಖನದ ತಿರುಳು ಇಷ್ಟೇ. ಉಳಿದದ್ದು ವಿವರ.

ಒಂದು ಸಮೀಕರಣ, ಎರಡು ಅಪಾಯ

ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದು ನೆನಪಿಸಿಕೊಳ್ಳಿ. ಒಂದು ಗ್ಲೂಕೋಸ್ ಅಣು ಯೀಸ್ಟಿನ ಹೊಟ್ಟೆಗೆ ಹೋದರೆ ಎರಡು ಎಥೆನಾಲ್, ಎರಡು ಕಾರ್ಬನ್ ಡೈಆಕ್ಸೈಡ್ ಹೊರಬರ್ತವೆ. ತೂಕದಲ್ಲಿ 180 ಗ್ರಾಂ ಸಕ್ಕರೆಗೆ 92 ಗ್ರಾಂ ಆಲ್ಕೊಹಾಲ್, 88 ಗ್ರಾಂ ಗ್ಯಾಸ್. ಒಟ್ಟಿನಲ್ಲಿ ಅರ್ಧ ಅಮಲು, ಅರ್ಧ ಗುಳ್ಳೆ. ಬಿಯರಿಗೂ ಜಿಂಜರ್ ಬಿಯರಿಗೂ ಸಮೀಕರಣ ಒಂದೇ. ಬಿಯರ್ ಮಾಡುವವರು ಗ್ಯಾಸನ್ನು ಹೊರಗೆ ಬಿಟ್ಟು ಆಲ್ಕೊಹಾಲ್ ಉಳಿಸಿಕೊಳ್ತಾರೆ, ಕೊನೆಗೆ ಸ್ವಲ್ಪ ಮಾತ್ರ ಗ್ಯಾಸ್ ಹಿಡಿದಿಡ್ತಾರೆ. ಸೋಡಾ ಮಾಡುವ ನಮಗೆ ಬೇಕಾದದ್ದು ಗ್ಯಾಸ್ ಮಾತ್ರ.

ಬಾಟಲಿಯ ಗ್ಯಾಸನ್ನು ‘ವಾಲ್ಯೂಮ್’ನಲ್ಲಿ ಹೇಳುವುದು ಈ ಉದ್ಯಮದ ರೂಢಿ. ಒಂದು ಲೀಟರ್ ದ್ರವದಲ್ಲಿ ಒಂದು ಲೀಟರ್ ಗ್ಯಾಸ್ ಕರಗಿದ್ದರೆ ಒಂದು ವಾಲ್ಯೂಮ್. ತೂಕದಲ್ಲಿ ಸುಮಾರು 2 ಗ್ರಾಂ. ಸಾಮಾನ್ಯ ಬಿಯರಿನಲ್ಲಿ 2.5ರ ಆಸುಪಾಸು, ಕೋಲಾದಲ್ಲಿ 4ರ ಹತ್ತಿರ. ಲೀಟರಿಗೆ 4 ಗ್ರಾಂ ಸಕ್ಕರೆ ಹುದುಗಿದರೆ 2 ಗ್ರಾಂ ಗ್ಯಾಸ್, ಅಂದರೆ ಒಂದು ವಾಲ್ಯೂಮ್. ಜೊತೆಗೆ ಕಾಲು ಶೇಕಡಾದಷ್ಟು ಆಲ್ಕೊಹಾಲ್. ಈ ಒಂದು ಸಾಲನ್ನು ಅಡುಗೆಮನೆಯ ಗೋಡೆಗೆ ಬರೆದು ಅಂಟಿಸಿದರೆ ಸಾಕು, ಮುಂದಿನದೆಲ್ಲ ತ್ರೈರಾಶಿ.

ಈಗ ಇಂಟರ್‌ನೆಟ್ಟಿನ ರೆಸಿಪಿ ನೋಡೋಣ. ಬಹಳಷ್ಟರಲ್ಲಿ ಲೀಟರಿಗೆ 80ರಿಂದ 100 ಗ್ರಾಂ ಸಕ್ಕರೆ, ‘ಎರಡು ದಿನ ಹೊರಗಿಟ್ಟು ನಂತರ ಫ್ರಿಜ್ಜಿನಲ್ಲಿಡಿ’ ಅಂತ ಇರ್ತದೆ. ಬಾಟಲಿಯನ್ನು ಹೊರಗೆ ಮರೆತರೆ? 100 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ 25 ವಾಲ್ಯೂಮ್. 30 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ವಾತಾವರಣದ ಒತ್ತಡಕ್ಕೆ ನೀರಲ್ಲಿ ಕರಗುವುದು 0.66 ವಾಲ್ಯೂಮ್ ಮಾತ್ರ, ಹೆನ್ರಿಯ ನಿಯಮ. ಭಾಗಿಸಿ ನೋಡಿ: 37 ವಾತಾವರಣಕ್ಕಿಂತ ಹೆಚ್ಚು. ನಮ್ಮ ಪ್ರೆಷರ್ ಕುಕ್ಕರ್ ಸೀಟಿ ಹೊಡೆಯೋದು ಹೊರಗಿನ ಗಾಳಿಗಿಂತ ಸುಮಾರು ಒಂದೇ ವಾತಾವರಣ ಹೆಚ್ಚಾದಾಗ. ಬೈಕಿನ ಟೈರಿನಲ್ಲಿ ಎರಡರ ಆಸುಪಾಸು. 37ರ ತನಕ ಯಾವ ಬಾಟಲಿಯೂ ಕಾಯುವುದಿಲ್ಲ, ಮೊದಲೇ ಸಿಡೀತದೆ. ಗಾಜಿನದಾದರೆ ಚೂರುಗಳು ಕಣ್ಣು ನೋಡಿಕೊಂಡು ಬರ್ತವೆ.

‘ಫ್ರಿಜ್ ಇದೆಯಲ್ಲ’ ಅನ್ನಬಹುದು. ಲಂಡನ್ನಿನಲ್ಲಿ ಕೂತು ಬರೆದವರಿಗೆ ಆ ಧೈರ್ಯ ಸರಿ. ಏಪ್ರಿಲ್ ಸಂಜೆ ಅಡ್ಡಮಳೆ ಗಾಳಿ ಬೀಸಿ ಕರೆಂಟ್ ಹೋದರೆ ಹಳ್ಳಿಯಲ್ಲಿ ಫ್ರಿಜ್ ಅನ್ನೋದು ಬಾಗಿಲಿರುವ ಕಪಾಟು. ಬಿಸಿ ಏರಿದಂತೆ ಯೀಸ್ಟಿಗೆ ಹುರುಪು, ಗ್ಯಾಸಿಗೆ ಕರಗಲು ಬೇಸರ. ಎರಡೂ ಒಟ್ಟಿಗೇ ತಿರುಗಿ ಬೀಳ್ತವೆ. ಗಡಿಯಾರ ಮತ್ತು ಫ್ರಿಜ್ಜನ್ನು ನಂಬಿದ ವಿನ್ಯಾಸ ಮನುಷ್ಯ ನಿದ್ದೆ ಮಾಡಿದಾಗ ಸೋಲ್ತದೆ. ಸಕ್ಕರೆಯನ್ನೇ ತೂಕ ಹಾಕಿ ಕಡಿಮೆ ಕೊಟ್ಟರೆ, ಬಾಟಲಿಯನ್ನು ಹತ್ತು ದಿನ ಮರೆತರೂ ಗ್ಯಾಸ್ ಒಂದು ಮಿತಿ ದಾಟಲು ಸಾಧ್ಯವೇ ಇಲ್ಲ, ಯಾಕಂದ್ರೆ ಒಳಗೆ ತಿನ್ನಲು ಏನೂ ಉಳಿದಿರುವುದಿಲ್ಲ. ಆಲ್ಕೊಹಾಲಿಗೂ ಅದೇ ಮಿತಿ. ಒಂದೇ ಏಟಿಗೆ ಎರಡೂ ಅಪಾಯಕ್ಕೆ ಬೀಗ.

ನಾವು ಹಾಕಿಕೊಂಡ ಮಿತಿ: ಲೀಟರಿಗೆ 7 ಗ್ರಾಂ. ಗ್ಯಾಸ್ ಹೆಚ್ಚೆಂದರೆ 3.5 ಗ್ರಾಂ, ಅಂದರೆ 1.75 ವಾಲ್ಯೂಮ್. ಆಲ್ಕೊಹಾಲ್ ಹೆಚ್ಚೆಂದರೆ 0.45 ಶೇಕಡಾ. ಈ ಗ್ಯಾಸಿನ ಒತ್ತಡ 30 ಡಿಗ್ರಿಯಲ್ಲಿ 2.6 ವಾತಾವರಣ, 40 ಡಿಗ್ರಿಯಲ್ಲಿ 3.3. ಕೋಲಾದ ಪ್ಲಾಸ್ಟಿಕ್ ಬಾಟಲಿ 4 ವಾಲ್ಯೂಮ್ ಹೊತ್ತುಕೊಂಡೇ ಬಿಸಿಲಲ್ಲಿ ಲಾರಿಯ ಮೇಲೆ ಊರೂರು ತಿರುಗ್ತದೆ. 40 ಡಿಗ್ರಿಗೆ ಅದರೊಳಗಿನ ಒತ್ತಡ 7 ದಾಟಿರ್ತದೆ. ಅಂದರೆ ನಮ್ಮದು ಅದರ ಅರ್ಧದಷ್ಟೂ ಇಲ್ಲ. ಸಿವಿಲ್ ಗೆಳೆಯರ ಭಾಷೆಯಲ್ಲಿ ಹೇಳುವುದಾದರೆ ಫ್ಯಾಕ್ಟರ್ ಆಫ್ ಸೇಫ್ಟಿ ಎರಡಕ್ಕಿಂತ ಮೇಲೆ, ಅದೂ ಒಡೆಯುವ ಬಿಂದುವಿನ ಲೆಕ್ಕದಲ್ಲಲ್ಲ, ದಿನನಿತ್ಯದ ಬಳಕೆಯ ಲೆಕ್ಕದಲ್ಲೇ.

ಅಲ್ಲದ ಹೆಪ್ಪು

ಮೊಸರಿಗೆ ಹೆಪ್ಪು ಇದ್ದ ಹಾಗೆ ಇದಕ್ಕೂ ಒಂದು ಹೆಪ್ಪು ಬೇಕು. ಇಂಗ್ಲಿಷಿನವರು ಜಿಂಜರ್ ಬಗ್ ಅಂತಾರೆ. ಹಸಿ ಶುಂಠಿ, ನಮ್ಮ ಕಡೆಯ ‘ಅಲ್ಲ’, ಅದರ ಸಿಪ್ಪೆಯ ಮೇಲೆ ಕಾಡು ಯೀಸ್ಟು ಮತ್ತು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ತಾವಾಗಿಯೇ ಇರ್ತವೆ. ಹಾಗಾಗಿ ತೊಳೆಯಿರಿ, ಆದರೆ ಸಿಪ್ಪೆ ತೆಗೆಯಬೇಡಿ. ನಳದ ನೀರಿನ ಕ್ಲೋರಿನ್ ಅವುಗಳನ್ನು ಕೊಲ್ಲಬಹುದು, ಕುದಿಸಿ ಆರಿಸಿದ ನೀರು ಬಳಸಿದೆವು. ಅರ್ಧ ಲೀಟರ್ ನೀರಿಗೆ ದಿನಕ್ಕೆ ಒಂದು ಚಮಚ ತುರಿದ ಅಲ್ಲ, ತೂಕ ಹಾಕಿದ 5 ಗ್ರಾಂ ಸಕ್ಕರೆ. ಅಗಲ ಬಾಯಿಯ ಬಾಟಲಿ, ಮೇಲೆ ತೆಳು ಬಟ್ಟೆ, ಗಟ್ಟಿ ಮುಚ್ಚಳ ಇಲ್ಲ. ದಿನಕ್ಕೆ ಎರಡು ಸಲ ಕಲಕುವುದು.

ಡಿಸೆಂಬರಿನ ಚಳಿಯಲ್ಲಿ ಮೂರು ದಿನ ಏನೂ ಆಗಲಿಲ್ಲ. ಅವ್ವಾರು ಬಂದು ನೋಡಿ, “ಸತ್ತ ಹೋಗೇತಿ ತಗೀರಿ ಅತ್ಲಾಗ” ಅಂದರು. ನಾಲ್ಕನೆಯ ದಿನ ಕಲಕಿದಾಗ ಸಣ್ಣಗೆ ‘ಸುರ್’ ಅಂತ ಸದ್ದು, ಐದನೆಯ ದಿನ ಮೇಲೆ ನೊರೆ. ಲ್ಯಾಬಿನ ಪಿಎಚ್ ಕಾಗದ ಅದ್ದಿದರೆ ಬಣ್ಣ 3 ಮತ್ತು 4ರ ನಡುವೆ ಬಂತು. ಇದು ಮುಖ್ಯ. ಅಪಾಯಕಾರಿ ಬ್ಯಾಕ್ಟೀರಿಯಾಗಳಿಗೆ 4.6ರ ಕೆಳಗಿನ ಹುಳಿಯಲ್ಲಿ ಬೆಳೆಯುವುದು ಕಷ್ಟ. ಹಾಗಾಗಿ ಪಿಎಚ್ ಇಳಿಯದಿದ್ದರೆ, ಅಥವಾ ಮೇಲೆ ಕರಿ, ಹಸಿರು, ಗುಲಾಬಿ ಬಣ್ಣದ ಬೂಸ್ಟು ಕಂಡರೆ, ಕೆನೆ ತೆಗೆದ ಹಾಗೆ ತೆಗೆದು ಮುಂದುವರಿಯುವುದು ಬೇಡ, ಪೂರ್ತಿ ಚೆಲ್ಲಿ.

ಐದು ದಿನಕ್ಕೆ ಹೆಪ್ಪಿಗೆ ಹಾಕಿದ್ದು 25 ಗ್ರಾಂ ಸಕ್ಕರೆ, ಅಂದರೆ 50 ಮಿಲಿಲೀಟರ್ ಹೆಪ್ಪಿನಲ್ಲಿ 2.5 ಗ್ರಾಂ. ಅದರಲ್ಲಿ ಸ್ವಲ್ಪ ಆಗಲೇ ಹುದುಗಿ ಹೋಗಿರ್ತದೆ. ಆದರೂ ನಾವು ಪೂರ್ತಿ 2.5 ಎಂದೇ ಲೆಕ್ಕಕ್ಕೆ ಹಿಡಿದೆವು. ಹುದುಗಿದ ಭಾಗದ ಆಲ್ಕೊಹಾಲೂ ಬಾಟಲಿಗೆ ಬರುವುದರಿಂದ ಅದನ್ನು ಬಿಟ್ಟು ಎಣಿಸುವ ಹಾಗಿಲ್ಲ. ಗ್ಯಾಸಿನ ಮಟ್ಟಿಗೆ ತಪ್ಪಿದರೂ ಕಡಿಮೆಯ ಕಡೆಗೇ ತಪ್ಪಬೇಕು.

ಪೇರಲದ ಸಕ್ಕರೆ ಅಳೆದದ್ದು ಹಾಲಿನ ಕೋಲಿನಿಂದ

ಹುಬ್ಬಳ್ಳಿ–ಧಾರವಾಡದ ನಡುವಿನ ನವಲೂರಿನ ಪೇರಲ ಹಣ್ಣಿನ ಬಗ್ಗೆ ಹೊರಗಿನವರಿಗೆ ಹೇಳಬೇಕು, ಇಲ್ಲಿಯವರಿಗೆ ಬೇಕಾಗಿಲ್ಲ. ಅರ್ಧ ಕಿಲೋ ಹಣ್ಣು ಹೆಚ್ಚಿ, ಅರ್ಧ ಲೀಟರ್ ನೀರಿನಲ್ಲಿ ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸಿದೆವು. ಪೇರಲದಲ್ಲಿ ಪೆಕ್ಟಿನ್ ಬಹಳ, ಕುದಿಸಿದರೆ ರಸ ಮಬ್ಬಾಗಿಯೇ ಉಳೀತದೆ. ಹಣ್ಣಿನ ಬಿಯರ್ ಮಾಡುವವರು ಇದೇ ಕಾರಣಕ್ಕೆ ಹಣ್ಣು ಕುದಿಸುವುದನ್ನು ತಪ್ಪಿಸ್ತಾರೆ. ಗಾಜಿನ ಲೋಟದಲ್ಲಿ ಬಂಗಾರದ ಹಾಗೆ ಹೊಳೆಯಬೇಕು ಅನ್ನೋ ಆಸೆ ಅವರಿಗೆ. ನಮಗೆ ಕ್ರಿಮಿ ಸಾಯುವುದು ಮುಖ್ಯ, ಹೊಳಪು ಆಮೇಲೆ.

ರಸದಲ್ಲಿ ಸಕ್ಕರೆ ಎಷ್ಟು? ಬ್ರೂವರಿಯಲ್ಲಿ ಇದಕ್ಕೆ ಹೈಡ್ರೋಮೀಟರ್ ಇರ್ತದೆ. ಹಳ್ಳಿಯ ಹಾಲಿನ ಡೈರಿಯಲ್ಲೂ ಇರ್ತದೆ, ಹೆಸರು ಮಾತ್ರ ಲ್ಯಾಕ್ಟೋಮೀಟರ್. ಎರಡೂ ದ್ರವದ ಸಾಂದ್ರತೆ ಅಳೆಯುವ ತೇಲುಕೋಲುಗಳೇ. ಅಂಕಿ ಇರುವ ಲ್ಯಾಕ್ಟೋಮೀಟರ್ ತಗೊಳ್ಳಿ, ಬರೀ ‘ನೀರು–ಹಾಲು’ ಗುರುತಿನದ್ದು ಬೇಡ. ಅದರಲ್ಲಿ 30 ಅಂದರೆ ಸಾಂದ್ರತೆ 1.030. ಸಕ್ಕರೆ ನೀರಿಗೆ ಒಂದು ಒಳ್ಳೆಯ ಅಂದಾಜು: ಅಂಕಿಯನ್ನು 2.6ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಗ್ರಾಂ ಕರಗಿದೆ ಅಂತ ಸಿಗ್ತದೆ. ಮೊದಲು ಖಾಲಿ ನೀರಿನಲ್ಲಿ ಸೊನ್ನೆ ತೋರಿಸ್ತದೋ ನೋಡಿಕೊಂಡೆವು, ರಸ ತಣ್ಣಗಾಗುವ ತನಕ ಕಾದೆವು. ತೋರಿಸಿದ್ದು 17. ಅಂದರೆ ಲೀಟರಿಗೆ 44 ಗ್ರಾಂ. ಕರಗಿದ್ದೆಲ್ಲ ಸಕ್ಕರೆಯಲ್ಲ, ಆಮ್ಲ, ಲವಣ, ಪೆಕ್ಟಿನ್ ಎಲ್ಲ ಸೇರಿದೆ. ಆದರೂ ಎಲ್ಲವನ್ನೂ ಸಕ್ಕರೆ ಎಂದೇ ಎಣಿಸಿದೆವು. 100 ಮಿಲಿಲೀಟರ್ ರಸಕ್ಕೆ 4.4 ಗ್ರಾಂ, ಹೆಪ್ಪಿನ 2.5 ಸೇರಿ 6.9. ಮಿತಿ 7. ಹೊಂದಿತು.

ಉಳಿದ ಬಾಟಲಿಗೆ ಸಕ್ಕರೆ ಇಲ್ಲದ ಅಲ್ಲದ ಕಷಾಯ, ಅರ್ಧ ನಿಂಬೆಹಣ್ಣಿನ ರಸ. ಎಲ್ಲವೂ ಆರಿದ ಮೇಲೆಯೇ ಹೆಪ್ಪು, ಬಿಸಿಯಲ್ಲಿ ಹಾಕಿದರೆ ಯೀಸ್ಟ್ ಬೆಂದುಹೋಗ್ತದೆ. ಹೊಸದಾಗಿ ಖಾಲಿಯಾದ ಕೋಲಾ ಬಾಟಲಿ, ಗೀರು ಇಲ್ಲದ್ದು. ಮೇಲೆ ಮೂರು ಬೆರಳು ಜಾಗ. ಗೋಲಿ ಸೋಡಾದ ಹಳೆಯ ಬಾಟಲಿ ಬಳಸೋಣ ಅಂತ ಒಬ್ಬ ಹಟ ಹಿಡಿದಿದ್ದ. ಇಂಗ್ಲೆಂಡಿನ ಹೈರಮ್ ಕಾಡ್ 1870ರ ದಶಕದಲ್ಲಿ ಪೇಟೆಂಟ್ ಪಡೆದ ಆ ಬಾಟಲಿ ಎಂಜಿನಿಯರಿಂಗಿನ ಒಂದು ಚೆಂದದ ಕಲ್ಪನೆ ಹೌದು, ಒಳಗಿನ ಒತ್ತಡವೇ ಗೋಲಿಯನ್ನು ಬಾಯಿಗೆ ಒತ್ತಿ ಹಿಡೀತದೆ. ಆದರೆ ಎಷ್ಟು ವರ್ಷದಿಂದ ಎಷ್ಟು ಕೈ ತಿರುಗಿದ ಗಾಜೋ ಯಾರು ಹೇಳಬೇಕು? ಪ್ಲಾಸ್ಟಿಕ್ಕಿಗೆ ಇನ್ನೊಂದು ಗುಣ ಇದೆ, ಒತ್ತಿ ನೋಡಿದರೆ ಒಳಗಿನ ಸುದ್ದಿ ಬೆರಳಿಗೇ ತಿಳೀತದೆ. ಬಾಟಲಿಗಳನ್ನು ಮುಚ್ಚಳ ಇರುವ ಜೋಳದ ಸ್ಟೀಲ್ ಡಬ್ಬಿಯಲ್ಲಿ ಇಟ್ಟೆವು. ಲೆಕ್ಕದ ಮೇಲೆ ಎಷ್ಟೇ ಭರವಸೆ ಇದ್ದರೂ ಡಬ್ಬಿ ಡಬ್ಬಿಯೇ.

ನಾಲ್ಕು ದಿನಕ್ಕೆ ಬಾಟಲಿ ಕಲ್ಲಾಯಿತು. ಆರನೆಯ ದಿನವೂ ಅಷ್ಟೇ ಕಲ್ಲು, ಹೆಚ್ಚಾಗಲಿಲ್ಲ. ತಿನ್ನಲು ಉಳಿದಿಲ್ಲ ಅನ್ನುವುದಕ್ಕೆ ಇದು ಬೆರಳಿನ ಸಾಕ್ಷಿ. ಕಣ್ಣಿನ ಸಾಕ್ಷಿಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದೆವು. ಮುಚ್ಚಿದ ಬಾಟಲಿ ತೂಗಿ, ನಿಧಾನಕ್ಕೆ ಮುಚ್ಚಳ ಸಡಿಲಿಸಿ, ಒಂದು ಹನಿಯೂ ಚೆಲ್ಲದಂತೆ ಗ್ಯಾಸ್ ಬಿಟ್ಟು, ಅಲುಗಾಡಿಸಿ ಮತ್ತೆ ಬಿಟ್ಟು, ಕೊನೆಗೆ ತೂಗಿದರೆ 3 ಗ್ರಾಂ ಕಡಿಮೆ. ಲೆಕ್ಕದ ಮೇಲ್ಮಿತಿ 3.5. ತಕ್ಕಡಿ ಒಂದು ಗ್ರಾಂ ಮೆಟ್ಟಿಲಿನದ್ದು, ಸ್ವಲ್ಪ ಗ್ಯಾಸ್ ದ್ರವದಲ್ಲೇ ಉಳಿದಿರ್ತದೆ, ಸ್ವಲ್ಪ ಸಕ್ಕರೆ ಆಲ್ಕೊಹಾಲಿನ ಬದಲು ಲ್ಯಾಕ್ಟಿಕ್ ಆಮ್ಲವಾಗಿರ್ತದೆ. ಇಷ್ಟು ಹತ್ತಿರ ಬಂದದ್ದು ನೋಡಿ ನಮಗೇ ಖುಷಿಯಾಯಿತು. ಮೂರು ವರ್ಷದ ಲ್ಯಾಬ್ ರೆಕಾರ್ಡಿನಲ್ಲಿ ಇಷ್ಟು ಪ್ರಾಮಾಣಿಕ ರೀಡಿಂಗ್ ಬರೆದದ್ದು ಕಡಿಮೆ.

ರುಚಿ

ಇದು ಸಿಹಿ ಇಲ್ಲ. ಮೊದಲೇ ಹೇಳಿಬಿಡೋಣ. ಹಣ್ಣಿನ ಸಕ್ಕರೆ ಯೀಸ್ಟಿಗೆ ಬಹಳ ಪ್ರೀತಿ, ಮುಗಿಸಿಯೇ ಬಿಡ್ತದೆ. ಉಳಿಯೋದು ಹುಳಿ, ಒಗರು ಮತ್ತು ಪರಿಮಳ. ಬ್ರಸೆಲ್ಸ್ ಕಡೆ ಚೆರ್ರಿ ಹಾಕಿ ಮಾಡುವ ಕ್ರೀಕ್ ಎಂಬ ಬಿಯರ್ ಕೂಡ ಸಾಂಪ್ರದಾಯಿಕವಾಗಿ ಹುಳಿಯೇ. ಅದೂ ಹೊರಗಿನಿಂದ ಯೀಸ್ಟ್ ಹಾಕದೆ ಗಾಳಿಯಲ್ಲಿ ಇರುವುದರಿಂದಲೇ ಹುದುಗುವಂಥದ್ದು. ಹಣ್ಣಿನ ಬಿಯರ್ ಅಂದರೆ ಜ್ಯೂಸ್ ಅಂತ ಅಂದುಕೊಂಡವರಿಗೆ ಅಲ್ಲಿಯೂ ನಿರಾಸೆ.

ನಮಗೆ ಇದ್ದ ಅನುಮಾನ ಬೇರೆ. ಇಷ್ಟೆಲ್ಲ ಮಾಡುವ ಬದಲು ಅದೇ ಕಷಾಯ, ಅದೇ ರಸಕ್ಕೆ ಅಂಗಡಿಯ ಸೋಡಾ ಬೆರೆಸಿದ್ದರೆ ವ್ಯತ್ಯಾಸ ತಿಳೀತಿತ್ತೇ? ಮನೆಯ ದೊಡ್ಡವರು, ನೆರೆಯವರು ಸೇರಿ ಆರು ಜನರನ್ನು ಕೂರಿಸಿದೆವು. ಚೂರು ಆಲ್ಕೊಹಾಲ್ ಇರಬಹುದು ಅಂತ ಮೊದಲೇ ಹೇಳಿದೆವು, ಒಲ್ಲೆ ಅಂದವರನ್ನು ಒತ್ತಾಯ ಮಾಡಲಿಲ್ಲ. ಮಕ್ಕಳಿಗೆ ಕೊಡಲಿಲ್ಲ. ಒಬ್ಬೊಬ್ಬರಿಗೂ ಮೂರು ಲೋಟ, ಎರಡರಲ್ಲಿ ಒಂದೇ ಪಾನೀಯ, ಒಂದರಲ್ಲಿ ಬೇರೆ. ಬೇರೆಯದ್ದನ್ನು ಗುರುತಿಸಬೇಕು. ಕಣ್ಣು ಮುಚ್ಚಿ ಆರಿಸಿದರೂ ಮೂರರಲ್ಲಿ ಒಂದು ಪಾಲು ಸರಿಯಾಗ್ತದೆ. ಆರರಲ್ಲಿ ಐದು ಜನ ಸರಿಯಾಗಿ ಹೇಳಿದರು. ಬರೀ ಅದೃಷ್ಟದಿಂದ ಐದು ಅಥವಾ ಹೆಚ್ಚು ಸರಿ ಬರುವ ಸಂಭವ 729ಕ್ಕೆ 13, ಶೇಕಡಾ 1.8. ಗೋಸೆಟ್ ಸಾಹೇಬರ ಸಣ್ಣ ಸ್ಯಾಂಪಲ್ಲಿಗೆ ನಮ್ಮ ಪುಟ್ಟ ನಮಸ್ಕಾರ. ತಪ್ಪು ಹೇಳಿದ ಒಬ್ಬರು ಅಜ್ಜಾರು, ಬಾಯಲ್ಲಿ ಎಲೆ ಅಡಿಕೆ ಇತ್ತು. ಅವರನ್ನು ಲೆಕ್ಕದಿಂದ ತೆಗೆಯಬೇಕೆಂದು ನಮ್ಮಲ್ಲೊಬ್ಬ ವಾದಿಸಿದ, ನಾವು ಒಪ್ಪಲಿಲ್ಲ. ಫಲಿತಾಂಶ ನೋಡಿದ ಮೇಲೆ ಡೇಟಾ ತೆಗೆಯುವುದು ಕಳ್ಳತನ.

ಕೊನೆಗೆ ಎಲ್ಲರಿಗೂ ಹಿಡಿಸಿದ ರೂಪ ಹೀಗೆ: ಲೋಟದ ಅಂಚಿಗೆ ನಿಂಬೆಹಣ್ಣು ಒರೆಸಿ, ಉಪ್ಪು ಮತ್ತು ಬ್ಯಾಡಗಿ ಮೆಣಸಿನ ಪುಡಿಯಲ್ಲಿ ಅದ್ದಿ, ತಣ್ಣನೆಯ ಪೇರಲ ಸೋಡಾ ಸುರಿಯುವುದು. ಬಸ್ ಸ್ಟ್ಯಾಂಡಿನಲ್ಲಿ ಉಪ್ಪು–ಖಾರ ಹಚ್ಚಿದ ಪೇರಲ ತಿಂದವರಿಗೆ ನೇರ ಅಲ್ಲಿಗೇ ಹೋದ ಹಾಗೆ. ಸಿಹಿ ಬೇಕೆನ್ನುವವರು ಕುಡಿಯುವ ಲೋಟಕ್ಕೆ ಸಕ್ಕರೆ ಪಾಕ ಹಾಕಿಕೊಳ್ಳಲಿ. ಬಾಟಲಿಗಲ್ಲ. ಉಳಿದದ್ದನ್ನು ಪಾಕ ಹಾಕಿ ಮತ್ತೆ ಬಾಟಲಿಗೆ ಸುರಿದು ಮುಚ್ಚಿದರೆ ಮೇಲಿನ ಲೆಕ್ಕವೆಲ್ಲ ಹರಿದ ಹಾಗೆ, ಯೀಸ್ಟ್ ಇನ್ನೂ ಜೀವಂತ ಇದೆ.

ಆಪೂಸ್, ಏಪ್ರಿಲ್, ಕರೆಂಟ್

ಮಾವಿನ ತಿರುಳು ಗಟ್ಟಿ, ಲ್ಯಾಕ್ಟೋಮೀಟರ್ ಅದರಲ್ಲಿ ತೇಲುವುದಿಲ್ಲ, ನಿಲ್ತದೆ. ಹಾಗಾಗಿ ಅಳತೆ ಬಿಟ್ಟು ಮೇಲ್ಮಿತಿ ಹಿಡಿದೆವು. ಚೆನ್ನಾಗಿ ಹಣ್ಣಾದ ಆಪೂಸಿನ ತಿರುಳಿನಲ್ಲಿ ನೂರು ಗ್ರಾಮಿಗೆ 20 ಗ್ರಾಂ ಸಕ್ಕರೆ ಅಂತ ಇಟ್ಟುಕೊಂಡರೆ ಕಡಿಮೆ ಎಣಿಸಿದ ಹಾಗಾಗುವುದಿಲ್ಲ. ಲೀಟರಿಗೆ 22 ಗ್ರಾಂ ತಿರುಳು, 4.4 ಗ್ರಾಂ ಸಕ್ಕರೆ. ಒಂದು ದೊಡ್ಡ ಚಮಚದಷ್ಟೂ ಹೆಚ್ಚಿಲ್ಲ. “ಇಷ್ಟರಾಗ ಮಾವಿನ ವಾಸನಿನರ ಬರತೈತೇನು?” ಅಂತ ಅವ್ವಾರು ಕೇಳಿದರು. ವಾಸನೆ ಬಂತು, ರುಚಿ ಅಷ್ಟಕ್ಕಷ್ಟೇ. ಮಾವಿನ ರುಚಿಯ ದೊಡ್ಡ ಪಾಲು ಅದರ ಸಿಹಿಯೇ ಅಂತ ಸಿಹಿ ಹೋದ ಮೇಲೆ ಗೊತ್ತಾಗ್ತದೆ. ನಮ್ಮ ಮತ ಪೇರಲಕ್ಕೆ. ಆಪೂಸನ್ನು ಕೊಯ್ದು ತಿನ್ನುವುದೇ ನ್ಯಾಯ.

ಆದರೆ ಈ ಬ್ಯಾಚಿನಿಂದ ನಮಗೆ ಬೇಕಾದ ಇನ್ನೊಂದು ಉತ್ತರ ಸಿಕ್ಕಿತು. ಡಿಸೆಂಬರಿನಲ್ಲಿ ನಾಲ್ಕು ದಿನ ತಗೊಂಡ ಬಾಟಲಿ ಏಪ್ರಿಲಿನ ಸೆಕೆಗೆ ಒಂದೂವರೆ ದಿನಕ್ಕೇ ಕಲ್ಲಾಯಿತು. ಆ ಸಂಜೆಯೇ ಗಾಳಿ, ನಾಲ್ಕು ಹನಿ ಮಳೆ, ಕರೆಂಟ್ ಹೋಯಿತು, ಮರುದಿನ ಮಧ್ಯಾಹ್ನದ ತನಕ ಬರಲಿಲ್ಲ. ರೆಸಿಪಿಯ ದಾರಿ ಹಿಡಿದಿದ್ದರೆ ಆ ರಾತ್ರಿ ಗಂಟೆಗೊಮ್ಮೆ ಎದ್ದು ಮುಚ್ಚಳ ಸಡಿಲಿಸಬೇಕಾಗ್ತಿತ್ತು. ನಮ್ಮ ಬಾಟಲಿಗಳು ಡಬ್ಬಿಯಲ್ಲಿ ಸುಮ್ಮನೆ ಕೂತಿದ್ದವು. ನಾವು ಮಾಳಿಗೆಯ ಮೇಲೆ ಮಲಗಿದ್ದೆವು.

ಈ ಬಾಟಲಿ ತೆರೆಯುವಾಗ ಮಾತ್ರ ಅವಸರ ಬೇಡ. ತಿರುಳಿನ ಕಣಗಳ ಸುತ್ತ ಗುಳ್ಳೆ ಬೇಗ ಹುಟ್ಟುತ್ತವೆ, ಬೆಚ್ಚಗಿದ್ದಾಗ ತೆರೆದರೆ ಅರ್ಧ ಸೋಡಾ ಛಾವಣಿಗೆ. ಕರೆಂಟ್ ಬಂದ ಮೇಲೆ ನಾಲ್ಕೈದು ಗಂಟೆ ತಂಪು ಮಾಡಿ. 5 ಡಿಗ್ರಿಗೆ ಇಳಿದರೆ ಅದೇ ಗ್ಯಾಸಿನ ಒತ್ತಡ 1.2 ವಾತಾವರಣಕ್ಕೆ ಬರ್ತದೆ. ಮುಚ್ಚಳವನ್ನು ಕೂದಲೆಳೆಯಷ್ಟು ತಿರುಗಿಸಿ, ‘ಸುಸ್’ ಅನ್ನುವುದು ನಿಂತ ಮೇಲೆ ಇನ್ನಷ್ಟು.

ಮುಂದಿನ ಪೇರಲ ಸೀಜನ್ನಿಗೆ ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ವಾಲ್ವ್ ಕೂಡಿಸಿ, ಟೈರ್ ಗೇಜಿನಿಂದ ಒತ್ತಡವನ್ನು ದಿನಾ ಅಳೆಯುವ ಯೋಚನೆ ಇದೆ. ಗ್ಯಾಸ್ ಸೋರದ ಹಾಗೆ ವಾಲ್ವ್ ಕೂರಿಸುವುದು ನಮ್ಮ ಮೂವರ ಕೈಲಾಗದ ಕೆಲಸ. ಮೆಕ್ಯಾನಿಕಲ್ ವಿಭಾಗದಿಂದ ಯಾರಾದರೂ ಬರುವುದಾದರೆ ಕನ್ನಡ ಸಂಘದ ಕೋಣೆಯಲ್ಲಿ ಸಿಗಿ. ಹೆಪ್ಪು ಇನ್ನೂ ಬದುಕಿದೆ, ಅವ್ವಾರೇ ದಿನಾ 5 ಗ್ರಾಂ ತೂಗಿ ಹಾಕ್ತಾರೆ.